ದೂರವಾಣಿ ಸಂಭಾಷಣೆಯ ಧ್ವನಿಮುದ್ರಣ: ಕಾನೂನು, ಖಾಸಗಿತನ ಮತ್ತು ಕ್ಷೇತ್ರಕಾರ್ಯ

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಹೇಮಗುಡ್ಡವು, ಕುಮ್ಮಟದುರ್ಗದಂತೆಯೇ, ಕಂಪಿಲರಾಯ ಹಾಗೂ ಗಂಡುಗಲಿ ಕುಮಾರರಾಮನ ನೆನಪಿನೊಂದಿಗೆ ಬೆಸೆದುಕೊಂಡ ಕೋಟೆಯ ನೆಲೆ. ಇಂತಹ ನೆಲೆಗಳ ಐತಿಹ್ಯಗಳನ್ನು ಸಂಗ್ರಹಿಸುವ ಸಂಶೋಧಕರು ಹಿಂದೆ ಟೇಪ್‌ರೆಕಾರ್ಡರ್ ಹೊತ್ತು ಊರಿಗೆ ಹೋಗುತ್ತಿದ್ದರು. ಯಂತ್ರವು ಕಣ್ಣೆದುರಿಗೇ ಇರುತ್ತಿದ್ದುದರಿಂದ ತನ್ನ ಮಾತು ಮುದ್ರಿತವಾಗುತ್ತಿದೆ ಎಂಬುದು ವಕ್ತೃವಿಗೆ ತಿಳಿದಿರುತ್ತಿತ್ತು. ಮೊಬೈಲ್ ಬಳಕೆಗೆ ಬಂದಮೇಲೆ, ಬಿಟ್ಟುಹೋದ ಒಂದು ಹೆಸರನ್ನೋ ಪಾಠಾಂತರವನ್ನೋ ದೂರವಾಣಿಯಲ್ಲಿಯೇ ಕೇಳಿ, ಅದೇ ಉಪಕರಣದಲ್ಲಿ ಮುದ್ರಿಸಿಕೊಳ್ಳುವುದು ಸಾಧ್ಯವಾಗಿದೆ. ಇಲ್ಲಿ ಮುದ್ರಿಸುವ ಯಂತ್ರ ವಕ್ತೃವಿಗೆ ಕಾಣುವುದಿಲ್ಲ. ಹೀಗೆ ಮುದ್ರಿಸಿಕೊಳ್ಳುವುದು ಕಾನೂನುಸಮ್ಮತವೇ, ಸಮ್ಮತವಾದರೆ ಅದರ ಬಳಕೆಗೆ ಮಿತಿಯುಂಟೇ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

1. ಕದ್ದಾಲಿಕೆ ಮತ್ತು ಮುದ್ರಣ

ಕನ್ನಡದಲ್ಲಿ ಈ ವಿಷಯದ ಚರ್ಚೆಯೆಲ್ಲ 'ಕದ್ದಾಲಿಕೆ' ಎಂಬ ಪದದ ಸುತ್ತ ನಡೆದಿದೆ. ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ನೀಡಿದ ಸಂದರ್ಭದಿಂದ ಈ ಪದ ಜನಬಳಕೆಯಲ್ಲಿ ಇನ್ನಷ್ಟು ಬೇರೂರಿತು. ಆದರೆ ಕದ್ದು ಆಲಿಸುವವನು ಸಂಭಾಷಣೆಗೆ ಹೊರಗಿನವನು, ಮೂರನೆಯವನು. ಮಾತನಾಡುತ್ತಿರುವ ಇಬ್ಬರಲ್ಲಿ ಒಬ್ಬನೇ ಮುದ್ರಿಸಿಕೊಂಡರೆ ಅದು ಕದ್ದಾಲಿಕೆಯಾಗದು. ಆ ಮಾತು ಅವನಿಗೇ ಹೇಳಿದ್ದು. ಕಾನೂನು ಈ ಎರಡನ್ನೂ ಬೇರೆಬೇರೆಯಾಗಿಯೇ ಕಂಡಿದೆ.

ಮೂರನೆಯವರ ಕದ್ದಾಲಿಕೆಯ ಬಗೆಗೆ ನಿಯಮಗಳು ಸ್ಪಷ್ಟವಾಗಿವೆ. 1885ರ ಟೆಲಿಗ್ರಾಫ್ ಕಾಯಿದೆಯ 5(2)ನೆಯ ಕಲಮು ಸಾರ್ವಜನಿಕ ತುರ್ತು ಅಥವಾ ಸುರಕ್ಷತೆಯ ಸಂದರ್ಭದಲ್ಲಿ ಮಾತ್ರ ಸರ್ಕಾರಕ್ಕೆ ಆ ಅಧಿಕಾರ ನೀಡಿತ್ತು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಪ್ರಕರಣದಲ್ಲಿ (1996) ಸರ್ವೋಚ್ಚ ನ್ಯಾಯಾಲಯವು ದೂರವಾಣಿ ಮಾತುಕತೆಯ ಖಾಸಗಿತನವು ಸಂವಿಧಾನದ 21ನೆಯ ವಿಧಿಯ ವ್ಯಾಪ್ತಿಗೆ ಸೇರುತ್ತದೆಂದು ಹೇಳಿ, ಗೃಹ ಕಾರ್ಯದರ್ಶಿಯ ಆದೇಶ, ಎರಡು ತಿಂಗಳ ಅವಧಿ, ಪರಿಶೀಲನಾ ಸಮಿತಿ ಮುಂತಾದ ಕಟ್ಟುಪಾಡುಗಳನ್ನು ವಿಧಿಸಿತು. ಈಗ 2023ರ ದೂರಸಂಪರ್ಕ ಕಾಯಿದೆ ಹಾಗೂ ಅದರ 2024ರ ನಿಯಮಗಳು ಈ ಸ್ಥಾನದಲ್ಲಿವೆ. ಅಕ್ರಮ ಕದ್ದಾಲಿಕೆಗೆ ಮೂರು ವರ್ಷಗಳವರೆಗೆ ಸೆರೆ, ಎರಡು ಕೋಟಿ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಈ ಕಾಯಿದೆಯಲ್ಲಿ ಅವಕಾಶವಿದೆ.

2. ಸಾಕ್ಷ್ಯವಾಗುವುದು ಮತ್ತು ಸಮ್ಮತಿ ಪಡೆಯುವುದು

ಸಂಭಾಷಣೆಯಲ್ಲಿ ಭಾಗಿಯಾದವನು ಮುದ್ರಿಸಿಕೊಳ್ಳುವುದನ್ನು ನೇರವಾಗಿ ನಿಷೇಧಿಸುವ ಪ್ರತ್ಯೇಕ ಶಾಸನ ಭಾರತದಲ್ಲಿಲ್ಲ. ಆರ್. ಎಂ. ಮಲ್ಕಾನಿ ಪ್ರಕರಣದಲ್ಲಿ (1972) ಒಬ್ಬರ ಒಪ್ಪಿಗೆಯಿಂದ ಮುದ್ರಿಸಿದ ದೂರವಾಣಿ ಸಂಭಾಷಣೆಯನ್ನು ನ್ಯಾಯಾಲಯವು ಸಾಕ್ಷ್ಯವಾಗಿ ಸ್ವೀಕರಿಸಿತು. ವಿಷಯಕ್ಕೆ ಸಂಬಂಧವಿರಬೇಕು, ಧ್ವನಿಯ ಗುರುತು ಸಿಗಬೇಕು, ಅಳಿಸಿ ತಿದ್ದಿದ ಸಾಧ್ಯತೆ ಇರಬಾರದು ಎಂಬುವು ಅದರ ನಿಬಂಧನೆಗಳು. 2025ರ ಜುಲೈನಲ್ಲಿ ವಿಭೋರ್ ಗರ್ಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಪೀಠವು, ಸಂಗಾತಿಯ ಮಾತನ್ನು ತಿಳಿಸದೆ ಮುದ್ರಿಸಿದ್ದರೂ ವೈವಾಹಿಕ ವ್ಯಾಜ್ಯದಲ್ಲಿ ಅದನ್ನು ಸಾಕ್ಷ್ಯವಾಗಿ ಪರಿಗಣಿಸಬಹುದೆಂದಿತು.

ಈ ತೀರ್ಪುಗಳಿಂದ 'ಮುದ್ರಿಸಿಕೊಂಡದ್ದನ್ನು ಹೇಗೆ ಬೇಕಾದರೂ ಬಳಸಬಹುದು' ಎಂಬ ತೀರ್ಮಾನಕ್ಕೆ ಬರುವುದು ತಪ್ಪಾಗುತ್ತದೆ. ಅವು ಉತ್ತರಿಸಿದ್ದು ನ್ಯಾಯಾಲಯವು ಆ ಮುದ್ರಣವನ್ನು ನೋಡಬಹುದೇ ಎಂಬ ಪ್ರಶ್ನೆಗೆ. ಅದನ್ನು ಲೋಕಕ್ಕೆ ಕೇಳಿಸಬಹುದೇ ಎಂಬುದಕ್ಕಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. ತನ್ನ ಕುರಿತ ಮಾಹಿತಿಯ ಮೇಲೆ ವ್ಯಕ್ತಿಗಿರುವ ಹಿಡಿತವೂ ಆ ಹಕ್ಕಿನ ಭಾಗವೇ ಆಗಿದೆ.

3. ಸಂಶೋಧನೆಗಿರುವ ವಿನಾಯಿತಿ

ಸಂಶೋಧಕರು ವಿಶೇಷವಾಗಿ ಗಮನಿಸಬೇಕಾದ ಎರಡು ಶಾಸನಗಳಿವೆ. ಮೊದಲನೆಯದು 1957ರ ಕೃತಿಸ್ವಾಮ್ಯ ಕಾಯಿದೆ. ಇದರ 38ನೆಯ ಕಲಮು ಹಾಡುಗಾರರೇ ಮೊದಲಾದ ಪ್ರದರ್ಶನಕಾರರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ನೀಡಿದೆ. ಬೋಧನೆ ಅಥವಾ ಸಂಶೋಧನೆಯ ಪ್ರಾಮಾಣಿಕ ಉದ್ದೇಶಕ್ಕಾಗಿಯೇ ಧ್ವನಿಮುದ್ರಿಸಿಕೊಂಡರೆ ಅದು ಉಲ್ಲಂಘನೆಯಲ್ಲವೆಂದು 39ನೆಯ ಕಲಮು ಹೇಳುತ್ತದೆ. ಈ ವಿನಾಯಿತಿಯು ಮುದ್ರಿಸಿಕೊಳ್ಳುವುದಕ್ಕೆ ಮಾತ್ರ. ಅದೇ ಹಾಡನ್ನು ಧ್ವನಿಸುರುಳಿಯಾಗಿ ಮಾರುವುದಕ್ಕೆ ಅದು ಪರವಾನಗಿಯಲ್ಲ.

ಎರಡನೆಯದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಾರಿಕೆಗಳ ಜಾರಿಗೆ 18 ತಿಂಗಳ ಕಾಲಾವಕಾಶವನ್ನು ನೀಡಲಾಗಿದೆ. ವ್ಯಕ್ತಿಯೊಬ್ಬನು ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ದತ್ತಾಂಶ ಇದರ ವ್ಯಾಪ್ತಿಗೆ ಬರುವುದಿಲ್ಲ. ಸಂಶೋಧನೆಗೂ ವಿನಾಯಿತಿಯುಂಟು, ಆದರೆ ನಿಗದಿತ ಮಾನದಂಡಗಳನ್ನು ಪಾಲಿಸಬೇಕು ಮತ್ತು ಆ ದತ್ತಾಂಶವನ್ನು ನಿರ್ದಿಷ್ಟ ವ್ಯಕ್ತಿಯ ಕುರಿತ ನಿರ್ಧಾರಕ್ಕೆ ಬಳಸಬಾರದು.

4. ಕ್ಷೇತ್ರಕಾರ್ಯದ ಹೊಣೆ

ಐತಿಹ್ಯವೊಂದನ್ನು ಹೇಳುವ ವಕ್ತೃ ಕೇವಲ ಕುಮಾರರಾಮನ ಕಥೆ ಹೇಳಿ ನಿಲ್ಲಿಸುವುದಿಲ್ಲ. ಮಾತಿನ ನಡುವೆ ಮನೆತನದ ಜಗಳ, ಜಾತ್ರೆಯ ಮರ್ಯಾದೆಯ ತಕರಾರು, ನೆರೆಯವರ ಜಮೀನಿನ ವ್ಯಾಜ್ಯ ಎಲ್ಲವೂ ಬಂದುಹೋಗುತ್ತವೆ. ಎದುರಿಗೆ ಯಂತ್ರವಿದ್ದರೆ 'ಇದನ್ನು ಬರಕೋಬ್ಯಾಡ್ರಿ' ಎಂದು ತಡೆಯುವ ಅವಕಾಶ ಆತನಿಗಿರುತ್ತದೆ. ತಿಳಿಸದೆ ಮಾಡಿದ ಮುದ್ರಣದಲ್ಲಿ ಆ ಅವಕಾಶವೇ ಇಲ್ಲವಾಗುತ್ತದೆ. ಊರಿನಲ್ಲಿ ಆ ಮಾತು ಮರಳಿ ಕೇಳಿಬಂದರೆ ಅದರ ಪರಿಣಾಮವನ್ನು ಅನುಭವಿಸುವವನು ವಕ್ತೃವೇ ಹೊರತು ಸಂಶೋಧಕನಲ್ಲ.

ಆದ್ದರಿಂದ ಮುದ್ರಣಕ್ಕೆ ಮೊದಲೇ ವಿಷಯವನ್ನೂ ಉದ್ದೇಶವನ್ನೂ ತಿಳಿಸುವುದು, ಒಪ್ಪಿಗೆಯ ಮಾತನ್ನು ಮುದ್ರಣದ ಆರಂಭದಲ್ಲಿಯೇ ದಾಖಲಿಸುವುದು, ಪ್ರಕಟಣೆಗೆ ಬೇರೆಯಾಗಿ ಸಮ್ಮತಿ ಪಡೆಯುವುದು, ಬೇಡವೆಂದ ಭಾಗವನ್ನು ಅಳಿಸುವುದು ಹಾಗೂ ಮೂರನೆಯವರ ಹೆಸರುಗಳನ್ನು ಮರೆಮಾಡುವುದು ಅಗತ್ಯ. ಬರೆಯಲು ಬಾರದ ವಕ್ತೃಗಳ ವಿಷಯದಲ್ಲಿ ಬಾಯಿಮಾತಿನ ಒಪ್ಪಿಗೆಯ ದಾಖಲೆಯೇ ಹೆಚ್ಚು ಸಹಜವೂ ಹೌದು. ಇವು ಸಂಶೋಧಕನೊಬ್ಬನ ಸೌಜನ್ಯಕ್ಕೆ ಬಿಟ್ಟ ಸಂಗತಿಗಳಾಗದೆ, ಮಾರ್ಗದರ್ಶಕರೂ ವಿಭಾಗಗಳೂ ಕ್ಷೇತ್ರಕಾರ್ಯದ ಪಾಠದಲ್ಲಿಯೇ ಕಲಿಸಬೇಕಾದ ವಿಧಾನವಾಗಬೇಕು. ವಕ್ತೃವಿಗೆ ತಿಳಿಸಿ ಪಡೆದ ಮಾತನ್ನು ಮಾತ್ರ ಮಹಾಪ್ರಬಂಧದ ಆಕರವಾಗಿ ಅಂಗೀಕರಿಸುವ ಪರಿಪಾಠ ಬೆಳೆದರೆ, ಕಾನೂನು ಮೌನವಾಗಿರುವ ಕಡೆಯಲ್ಲಿಯೂ ವಕ್ತೃವಿನ ಹಕ್ಕಿಗೆ ರಕ್ಷಣೆ ದೊರೆಯುತ್ತದೆ.