ವಾಕಿಂಗ್ ಮಾಡಿದರೆ ಹಸಿವು ಹೆಚ್ಚುವುದೇ?

“ಡಾಕ್ಟ್ರೇ, ವಾಕಿಂಗ್ ಶುರು ಮಾಡಿದಾಗಿನಿಂದ ಹಸಿವು ಜಾಸ್ತಿಯಾಗಿದೆ, ತೂಕ ಮಾತ್ರ ಇಳಿದಿಲ್ಲ.” ಬಳ್ಳಾರಿಯ ರೋಗಿಗಳಿಂದ ನಾನು ಆಗಾಗ ಕೇಳುವ ದೂರು ಇದು.

ಹೊಟ್ಟೆ ಖಾಲಿಯಾದಾಗ ಜಠರದಿಂದ ‘ಗ್ರೆಲಿನ್’ ಎಂಬ ಹಾರ್ಮೋನು ರಕ್ತಕ್ಕೆ ಸೇರಿ, ಊಟ ಬೇಕೆಂದು ಮಿದುಳಿಗೆ ತಿಳಿಸುತ್ತದೆ. ಜಪಾನಿನ ವಿಜ್ಞಾನಿಗಳು ಇದನ್ನು 1999ರಲ್ಲಿ ಪತ್ತೆ ಹಚ್ಚಿದರು. ಉಂಡ ಮೇಲೆ ಕರುಳಿನಿಂದ ಹೊರಡುವ ಬೇರೆ ಹಾರ್ಮೋನುಗಳು ‘ಸಾಕು’ ಎನ್ನುತ್ತವೆ. ಏದುಸಿರು ಬರುವಷ್ಟು ದುಡಿದಾಗ ಅಥವಾ ಓಡಿದಾಗ ಗ್ರೆಲಿನ್ ತಗ್ಗಿ, ‘ಸಾಕು’ ಎನ್ನುವವು ಏರುತ್ತವೆ. ಹಸಿವು ಸ್ವಲ್ಪ ಹೊತ್ತು ಅಡಗುತ್ತದೆ. ಬಿಸಿಲೂ ಹಸಿವನ್ನು ಕುಗ್ಗಿಸುತ್ತದೆ. ಸಿರುಗುಪ್ಪದ ಗದ್ದೆಗಳಲ್ಲಿ ಭತ್ತದ ನಾಟಿ ಮುಗಿಸಿ ದಡಕ್ಕೆ ಬಂದವರು ಬುತ್ತಿ ಬಿಚ್ಚುವ ಮೊದಲು ನೀರು ಕೇಳುವುದು ಸಹಜವೇ. ಸಾಧಾರಣ ನಡಿಗೆಯಿಂದಂತೂ ಹಸಿವಿನಲ್ಲಿ ಹೆಚ್ಚಿನ ವ್ಯತ್ಯಾಸವಾಗದು.

ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ 213 ಮಂದಿಯನ್ನು ಕುರಿತ ಅಧ್ಯಯನವನ್ನು ಜೀನ್ ಮೇಯರ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದರು. ಭಾರದ ಕೆಲಸದವರು ಹೆಚ್ಚು ಉಣ್ಣುತ್ತಿದ್ದರು, ಆದರೂ ತೂಕ ಹಿಡಿತದಲ್ಲಿತ್ತು. ಹಗುರ ಕೆಲಸದವರು ಕಡಿಮೆ ಉಣ್ಣುತ್ತಿದ್ದರು. ಇಡೀ ದಿನ ಕುಳಿತೇ ಇರುವವರು ಮಾತ್ರ ಭಾರದ ಕೆಲಸದವರಷ್ಟೇ ಉಂಡು ದಪ್ಪಗಾಗಿದ್ದರು! ಅಂದರೆ ಕುಳಿತ ದೇಹಕ್ಕೆ ಊಟದ ಅಳತೆ ತಿಳಿಯದು.

ಹಾಗಾದರೆ ತೂಕ ಏಕೆ ಇಳಿಯಲಿಲ್ಲ? 60 ಕಿಲೋ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 130 ಕ್ಯಾಲರಿ. ವಾಕಿಂಗ್ ಮುಗಿಸಿ ಗೆಳೆಯರೊಡನೆ ಒಂದು ಪ್ಲೇಟು ಒಗ್ಗರಣೆ-ಮಿರ್ಚಿ ತಿಂದರೆ ಅದಕ್ಕಿಂತ ಹೆಚ್ಚೇ ಒಳಗೆ ಹೋಗುತ್ತದೆ. ಇದು ಹಸಿವಲ್ಲ, ‘ನಡೆದಿದ್ದೇನಲ್ಲ’ ಎಂಬ ಧೈರ್ಯ!

ಸಕ್ಕರೆ ಕಾಯಿಲೆಯವರ ಮಾತು ಬೇರೆ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಬರಿ ಹೊಟ್ಟೆಯಲ್ಲಿ ಕುರುಗೋಡಿನ ಬೆಟ್ಟ ಹತ್ತಿದಾಗ ದಿಢೀರನೆ ವಿಪರೀತ ಹಸಿವಾಗಿ ಕೈ ನಡುಗಿ, ತಣ್ಣನೆಯ ಬೆವರು ಬಂದರೆ ಅದು ವ್ಯಾಯಾಮದ ಹಸಿವಲ್ಲ, ರಕ್ತದಲ್ಲಿ ಸಕ್ಕರೆ ಕುಸಿದ ಸೂಚನೆ. ಮನೆ ತಲುಪಿ ತಿಂದರಾಯಿತು ಎನ್ನಬೇಡಿ. ಅಲ್ಲೇ ಕುಳಿತು ಮೂರು ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. 15 ನಿಮಿಷವಾದರೂ ಕಡಿಮೆಯಾಗದಿದ್ದರೆ ಮತ್ತೊಮ್ಮೆ ಕುಡಿಯಿರಿ. ಸರಿಹೋದ ಮೇಲೆ ಏನಾದರೂ ತಿನ್ನಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಹೆಚ್ಚು ಶ್ರಮಪಟ್ಟ ದಿನ ರಾತ್ರಿ ನಿದ್ದೆಯಲ್ಲೂ ಹೀಗಾಗಬಹುದು, ಮನೆಯವರು ತಿಳಿದಿರಲಿ. ಇದಕ್ಕೆ ಹೆದರಿ ವಾಕಿಂಗ್ ಬಿಡಬೇಕಿಲ್ಲ. ಮಾತ್ರೆಯ ಪ್ರಮಾಣವನ್ನೋ ಹೊತ್ತನ್ನೋ ನಿಮ್ಮ ವೈದ್ಯರು ಬದಲಿಸಿಯಾರು. ಅಲ್ಲಿಯವರೆಗೆ ಜೇಬಿನಲ್ಲೊಂದು ಸಕ್ಕರೆ ಪೊಟ್ಟಣವಿರಲಿ.