ಶ್ರುತಿಯ ನೆರೆಯಲ್ಲಿ ಅಪಶ್ರುತಿ: ಧ್ವನಿಮುದ್ರಣದಲ್ಲಿ ಸಂಕೇತಮಟ್ಟ ಮತ್ತು ಸಮತೋಲಿತ ಸಂಪರ್ಕ

ಸಂಗೀತದ ದಾಖಲೀಕರಣವನ್ನು ಕುರಿತ ಚರ್ಚೆಗಳಲ್ಲಿ ಯಾರನ್ನು ದಾಖಲಿಸಬೇಕು, ಯಾವ ಪಾಠಾಂತರವನ್ನು ಉಳಿಸಬೇಕು ಎಂಬ ಪ್ರಶ್ನೆಗಳಿಗೆ ಸಹಜವಾಗಿಯೇ ಪ್ರಾಶಸ್ತ್ಯ ದೊರೆಯುತ್ತದೆ. ಗಾಯಕರ ಮುಂದಿನ ಮೈಕಿನಿಂದ ಮಿಕ್ಸರಿನವರೆಗೆ ಹರಡಿರುವ ತಂತಿಯ ವಿಚಾರ ಮಾತ್ರ ತಂತ್ರಜ್ಞರ ಪಾಲಿಗೆ ಬಿಟ್ಟ ಸಂಗತಿಯಾಗಿಯೇ ಉಳಿದಿದೆ. ಆದರೆ ಆ ತಂತಿಯಲ್ಲಿ ಸೇರಿಕೊಂಡ ದೋಷವನ್ನು ಅನಂತರ ಪೂರ್ಣವಾಗಿ ಬೇರ್ಪಡಿಸುವುದು ಬಹುಮಟ್ಟಿಗೆ ಅಸಾಧ್ಯ. ಎಂಬತ್ತು ದಾಟಿದ ವಿದ್ವಾಂಸರೊಬ್ಬರನ್ನು ಮತ್ತೊಮ್ಮೆ ಹಾಡಿಸುವ ಅವಕಾಶ ಎಲ್ಲ ಸಂದರ್ಭಗಳಲ್ಲಿಯೂ ಒದಗುವುದಿಲ್ಲ. ಈ ಹಿನ್ನೆಲೆಯಲ್ಲಿ, ಧ್ವನಿಮುದ್ರಣದ ತಳಹದಿಯಾದ ಸಂಕೇತಮಟ್ಟ ಹಾಗೂ ಸಮತೋಲಿತ, ಅಸಮತೋಲಿತ ಸಂಪರ್ಕಗಳ ಸ್ವರೂಪವನ್ನು ಸಂಗೀತಾಸಕ್ತರಿಗೂ ತಿಳಿಯುವಂತೆ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ವಿದ್ಯುತ್ತಿನ ಶ್ರುತಿ

ನಮ್ಮ ದೇಶದ ವಿದ್ಯುತ್ ಪೂರೈಕೆಯ ಆವರ್ತನ ಸೆಕೆಂಡಿಗೆ 50. ಉಪಕರಣಗಳ ತಂತಿಗಳಿಗೆ ಅದು ನುಸುಳಿದಾಗ 50ರ ಜೊತೆಗೆ ಅದರ ಗುಣಕಗಳಾದ 100, 150, 200, 250 ಮುಂತಾದ ಆವರ್ತನಗಳೂ ಕೇಳಿಬರುತ್ತವೆ. ತಂತ್ರಜ್ಞರು ‘ಹಮ್’ ಎಂದು ಕರೆಯುವ ಗುಂಯ್‌ಗುಟ್ಟುವ ಸದ್ದು ಇದೇ. ನಮ್ಮ ಸಂಗೀತಕ್ಕೆ ಇದು ವಿಶೇಷವಾಗಿ ಬಾಧಕವಾಗುವುದಕ್ಕೆ ಕಾರಣವಿದೆ. ಪುರುಷ ಗಾಯಕರೊಬ್ಬರು ಎರಡು ಮನೆಯ ಶ್ರುತಿಯಲ್ಲಿ ಹಾಡಿದರೆ ಅವರ ಆಧಾರಷಡ್ಜ ಸುಮಾರು 146.8 ಆವರ್ತನದ್ದು, ಗಾಯಕಿಯೊಬ್ಬರು ಐದು ಮನೆಯ ಶ್ರುತಿಯನ್ನು ಆರಿಸಿಕೊಂಡರೆ ಅದು ಸುಮಾರು 196. ಹಮ್ಮಿನ 150 ಮತ್ತು 200 ಈ ಎರಡು ಷಡ್ಜಗಳ ಪಕ್ಕದಲ್ಲಿಯೇ, ಅರ್ಧಸ್ವರದ ಮೂರನೆಯ ಒಂದು ಭಾಗದಷ್ಟು ಮೇಲೆ ನಿಲ್ಲುತ್ತವೆ. ಎಂದರೆ ತಂಬೂರಿಯ ಬಳಿಯಲ್ಲಿ ಅಪಶ್ರುತಿಯ ಮತ್ತೊಂದು ತಂಬೂರಿಯನ್ನು ಮೀಟಿದಂತಾಗುತ್ತದೆ. 196 ಮತ್ತು 200ರ ನಡುವೆ ಸೆಕೆಂಡಿಗೆ ನಾಲ್ಕು ಬಾರಿ ಏರಿಳಿಯುವ ವಿಸ್ಪಂದ ಹುಟ್ಟುತ್ತದೆ. ಶೋಧಕವನ್ನು ಬಳಸಿ 200ರ ಆಸುಪಾಸನ್ನು ಕತ್ತರಿಸಹೊರಟರೆ ಗಾಯಕಿಯ ಷಡ್ಜಕ್ಕೂ ಪೆಟ್ಟು ಬೀಳುತ್ತದೆ. ಆದ್ದರಿಂದ ಹಮ್ಮನ್ನು ಒಳಗೆ ಬಿಡದಿರುವುದೇ ಸರಿಯಾದ ಪರಿಹಾರ.

ಸಂಕೇತಮಟ್ಟಗಳು

ಮೈಕಿನಿಂದ ಹೊರಡುವ ವಿದ್ಯುತ್ಸಂಕೇತ ಅತ್ಯಲ್ಪವಾದುದು. ವ್ಯಾಪಕವಾಗಿ ಬಳಕೆಯಲ್ಲಿರುವ ಶೂರ್ ಎಸ್‌ಎಂ58 ಮಾದರಿಯ ಮೈಕು 94 ಡೆಸಿಬೆಲ್‌ಗಳಷ್ಟು ಗಟ್ಟಿಯಾದ ಧ್ವನಿಗೆ ಕೊಡುವುದು ಸುಮಾರು 1.85 ಮಿಲಿವೋಲ್ಟ್ ಮಾತ್ರ. 60 ಡೆಸಿಬೆಲ್‌ಗಳ ಮೆಲುದನಿಗೆ ಅದು ಕೊಡುವುದು ಒಂದು ಮಿಲಿವೋಲ್ಟಿನ ಇಪ್ಪತ್ತೇಳನೆಯ ಒಂದು ಭಾಗದಷ್ಟು. ಇದನ್ನು ‘ಮೈಕ್ ಮಟ್ಟ’ ಎನ್ನುತ್ತಾರೆ. ಮಿಕ್ಸರಿನ ಒಳಗಿನ ಪ್ರಥಮ ವರ್ಧಕ ಇದನ್ನು ನೂರಾರು ಪಟ್ಟು ಹೆಚ್ಚಿಸಿ ‘ಲೈನ್ ಮಟ್ಟ’ಕ್ಕೆ ತರುತ್ತದೆ.

ಲೈನ್ ಮಟ್ಟದಲ್ಲಿಯೂ ಎರಡು ಬಗೆಗಳಿವೆ. ವೃತ್ತಿಪರ ಸ್ಟುಡಿಯೋಗಳ ವಾಡಿಕೆಯ ಮಟ್ಟ ಪ್ಲಸ್ 4 ಡಿಬಿಯು, ಅಂದರೆ 1.23 ವೋಲ್ಟ್. ಗೃಹಬಳಕೆಯ ಉಪಕರಣಗಳದು ಮೈನಸ್ 10 ಡಿಬಿವಿ, ಅಂದರೆ 0.316 ವೋಲ್ಟ್. ಮೊದಲನೆಯ ಅಳತೆಗೆ ಸೊನ್ನೆಯೆಂದರೆ 0.775 ವೋಲ್ಟ್, 600 ಓಮ್ ರೋಧದಲ್ಲಿ ಒಂದು ಮಿಲಿವ್ಯಾಟ್ ಶಕ್ತಿಯನ್ನು ವ್ಯಯಿಸುವ ವೋಲ್ಟೇಜು ಇದು. ಎರಡನೆಯ ಅಳತೆಗೆ ಸೊನ್ನೆಯೆಂದರೆ ಒಂದು ವೋಲ್ಟ್. ಹೀಗೆ ಆಧಾರಬಿಂದುಗಳು ಬೇರೆಯಾಗಿರುವುದರಿಂದ 4 ಮತ್ತು 10ನ್ನು ನೇರವಾಗಿ ಕೂಡಿ ಅಂತರ 14 ಡೆಸಿಬೆಲ್ ಎನ್ನುವುದು ತಪ್ಪು. ನಿಜವಾದ ಅಂತರ ಸುಮಾರು 11.8 ಡೆಸಿಬೆಲ್, ಅಂದರೆ ಹೆಚ್ಚುಕಡಿಮೆ ನಾಲ್ಕು ಪಟ್ಟು. ಹೆಚ್ಚಿನದನ್ನು ಕಡಿಮೆಯದಕ್ಕೆ ನೇರವಾಗಿ ಜೋಡಿಸಿದರೆ ಧ್ವನಿ ಒಡೆಯುತ್ತದೆ. ಕಡಿಮೆಯದನ್ನು ಹೆಚ್ಚಿನದಕ್ಕೆ ಜೋಡಿಸಿದರೆ ಮುಂದಿನ ಹಂತದಲ್ಲಿ ಸಂಕೇತದೊಡನೆ ಗದ್ದಲವೂ ಹಿಗ್ಗುತ್ತದೆ. ಅಗತ್ಯವಾದ ವರ್ಧನೆಯನ್ನು ಪ್ರಥಮ ಹಂತದಲ್ಲಿಯೇ ಒದಗಿಸಬೇಕೆಂಬ ನಿಯಮದ ಮರ್ಮ ಇಲ್ಲಿದೆ.

ಅಸಮತೋಲಿತ ಸಂಪರ್ಕ

ಅಸಮತೋಲಿತ ಕೇಬಲಿನಲ್ಲಿ ಒಂದು ನಡುತಂತಿಯೂ ಅದನ್ನು ಸುತ್ತುವರಿದ ಲೋಹದ ಜಾಲರಿಯೂ ಇರುತ್ತವೆ. ಜಾಲರಿಗೆ ಇಲ್ಲಿ ಎರಡು ಕೆಲಸ: ಹೊರಗಿನ ವಿದ್ಯುತ್‌ಕ್ಷೇತ್ರಗಳನ್ನು ತಡೆಯುವುದು ಮತ್ತು ಸಂಕೇತಕ್ಕೆ ಹಿಂದಿರುಗುವ ದಾರಿಯಾಗುವುದು. ತೊಡಕು ಇರುವುದು ಈ ಎರಡನೆಯ ಕೆಲಸದಲ್ಲಿ. ಎರಡು ಉಪಕರಣಗಳು ಬೇರೆ ಬೇರೆ ಸಾಕೆಟ್ಟುಗಳಿಂದ ವಿದ್ಯುತ್ ಪಡೆಯುತ್ತಿದ್ದರೆ ಅವುಗಳ ಭೂಸಂಪರ್ಕದ ವೋಲ್ಟೇಜಿನಲ್ಲಿ ಅಲ್ಪ ವ್ಯತ್ಯಾಸವಿರುತ್ತದೆ. ಅದರಿಂದಾಗಿ ಜಾಲರಿಯಲ್ಲಿ ಪ್ರವಾಹ ಹರಿಯುತ್ತದೆ. ಜಾಲರಿಯ ರೋಧ ಅರ್ಧ ಓಮ್, ಪ್ರವಾಹ ಒಂದು ಮಿಲಿಆಂಪಿಯರ್ ಎಂದಿಟ್ಟುಕೊಂಡರೆ ಅರ್ಧ ಮಿಲಿವೋಲ್ಟಿನ ಹಮ್ ನೇರವಾಗಿ ಸಂಕೇತಕ್ಕೆ ಸೇರುತ್ತದೆ. ಗೃಹಬಳಕೆಯ ಲೈನ್ ಮಟ್ಟಕ್ಕಿಂತ ಇದು 56 ಡೆಸಿಬೆಲ್ ಕೆಳಗಿರುತ್ತದೆ. ಆಲಾಪನೆಯ ವಿರಾಮಗಳಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಸಂಕೇತ ಮೈಕ್ ಮಟ್ಟದ್ದಾಗಿದ್ದರೆ ಹಮ್ ಅದಕ್ಕೆ ಸರಿಸಾಟಿಯಾಗಿಯೇ ನಿಲ್ಲುತ್ತದೆ.

ಸಮತೋಲಿತ ಸಂಪರ್ಕ

ಸಮತೋಲಿತ ಕೇಬಲಿನಲ್ಲಿ ಹೆಣೆದುಕೊಂಡ ಎರಡು ತಂತಿಗಳಿದ್ದು, ಜಾಲರಿ ಪ್ರತ್ಯೇಕವಾಗಿರುತ್ತದೆ. ಈ ಉಪಾಯ ದೂರವಾಣಿಯ ಕೊಡುಗೆ. ತಂತಿಗಳ ಜೋಡಿಯನ್ನು ಹೆಣೆಯುವ ವಿಧಾನಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿಯೇ ಪೇಟೆಂಟ್ ಪಡೆದಿದ್ದನು. ಗ್ರಾಹಕ ತುದಿಯ ವರ್ಧಕ ಎರಡು ತಂತಿಗಳ ನಡುವಣ ವ್ಯತ್ಯಾಸವನ್ನು ಮಾತ್ರ ಸ್ವೀಕರಿಸುತ್ತದೆ. ಎರಡರಲ್ಲಿಯೂ ಸಮನಾಗಿ ಸೇರಿದ ಹಮ್‌ಗೆ ವ್ಯತ್ಯಾಸವೇ ಇಲ್ಲವಾದುದರಿಂದ ಅದು ಕಳೆದುಹೋಗುತ್ತದೆ.

ಒಂದು ತಂತಿಯಲ್ಲಿ ಧನ, ಇನ್ನೊಂದರಲ್ಲಿ ಅಷ್ಟೇ ಪ್ರಮಾಣದ ಋಣ ಸಂಕೇತ ಇರುವುದರಿಂದಲೇ ಇದು ಸಾಧ್ಯ ಎಂಬ ಅಭಿಪ್ರಾಯ ಪ್ರಚಲಿತವಾಗಿದೆ. ಇದು ಸರಿಯಲ್ಲ. ಸಮತೋಲವೆಂಬುದು ಸಂಕೇತದ ಗುಣವಲ್ಲ, ಪ್ರತಿಬಾಧೆಯ ಗುಣ; ಅಂದರೆ ಪ್ರತಿಯೊಂದು ತಂತಿಯೂ ಭೂಮಿಯ ಕಡೆಗೆ ಒಡ್ಡುವ ಇಂಪಿಡೆನ್ಸ್ ಸಮನಾಗಿರಬೇಕು. ಇದನ್ನು ತಕ್ಕಡಿಯ ಹೋಲಿಕೆಯಿಂದ ಗ್ರಹಿಸಬಹುದು. ಎರಡೂ ತಟ್ಟೆಗಳ ಮೇಲೆ ಒಂದೇ ಸಮನೆ ಮಳೆ ಬಿದ್ದರೂ ದಂಡ ವಾಲುವುದಿಲ್ಲ. ಆದರೆ ದಂಡದ ತೋಳುಗಳು ಸಮನಾಗಿರಬೇಕು. ತೋಳು ಗಿಡ್ಡವಾದರೆ ಅದೇ ಮಳೆ ದಂಡವನ್ನು ವಾಲಿಸುತ್ತದೆ. 1995ರಲ್ಲಿ ಬಿಲ್ ವಿಟ್ಲಾಕ್ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ನಿಯತಕಾಲಿಕದಲ್ಲಿ ಪ್ರಕಟಿಸಿದ ಲೇಖನ ಈ ಅಂಶವನ್ನು ವೀಟ್‌ಸ್ಟನ್ ಸೇತುವೆಯ ತತ್ತ್ವದಿಂದ ಪ್ರತಿಪಾದಿಸಿತು. ಒಂದು ತಂತಿಯಲ್ಲಿ ಮಾತ್ರ ಸಂಕೇತವಿದ್ದು, ಇನ್ನೊಂದು ಸಮಾನ ರೋಧದ ಮೂಲಕ ಭೂಮಿಯನ್ನು ಸೇರಿದ್ದರೂ ಆ ಸಂಪರ್ಕ ಸಮತೋಲಿತವೇ. ಸಮತೋಲ ಚೆನ್ನಾಗಿದ್ದು ನಿರಾಕರಣೆ 60 ಡೆಸಿಬೆಲ್ ಇದ್ದರೆ, ಎರಡೂ ತಂತಿಗಳಿಗೆ ಸೇರಿದ 10 ಮಿಲಿವೋಲ್ಟ್ ಹಮ್ ಸಾವಿರದಲ್ಲೊಂದು ಭಾಗಕ್ಕೆ ಇಳಿಯುತ್ತದೆ.

ಮೈಕುಗಳಿಗೆ 48 ವೋಲ್ಟ್ ಒದಗಿಸುವ ‘ಫ್ಯಾಂಟಮ್’ ವ್ಯವಸ್ಥೆಯೂ ಇದೇ ತತ್ತ್ವದ ಇನ್ನೊಂದು ಮುಖ. 1966ರಲ್ಲಿ ನಾರ್ವೆಯ ಬಾನುಲಿಗಾಗಿ ನಾಯ್ಮನ್ ಸಂಸ್ಥೆ ಇದನ್ನು ರೂಪಿಸಿತು. ಎರಡೂ ತಂತಿಗಳಿಗೆ ತಲಾ 6.8 ಕಿಲೋ ಓಮ್ ರೋಧದ ಮೂಲಕ ಒಂದೇ ವೋಲ್ಟೇಜು ಸಿಗುವುದರಿಂದ ವರ್ಧಕಕ್ಕೆ ಅದು ಕಾಣಿಸುವುದೇ ಇಲ್ಲ.

ಪ್ರಯೋಗದಲ್ಲಿ ಎಚ್ಚರಗಳು

ಹಲವು ವರ್ಷಗಳ ಹಿಂದೆ ವೃದ್ಧ ಗಾಯಕಿಯೊಬ್ಬರ ಮನೆಯಲ್ಲಿ ನಡೆದ ಧ್ವನಿಮುದ್ರಣದಲ್ಲಿ ಈ ಲೇಖಕನೂ ಭಾಗಿಯಾಗಿದ್ದನು. ಮಿಕ್ಸರಿನ ಸಮತೋಲಿತ ಔಟ್‌ಪುಟ್ಟನ್ನು ಸ್ಟೀರಿಯೋ ಪ್ಲಗ್ಗಿನಿಂದ ಚಿಕ್ಕ ರೆಕಾರ್ಡರಿಗೆ ಜೋಡಿಸಲಾಗಿತ್ತು. ಧನಸಂಕೇತ ಎಡಕ್ಕೂ ಋಣಸಂಕೇತ ಬಲಕ್ಕೂ ಹೋಯಿತು. ಹೆಡ್‌ಫೋನಿನಲ್ಲಿ ಕೇಳಿದಾಗ ಯಾರಿಗೂ ಅನುಮಾನ ಬರಲಿಲ್ಲ. ಮುಂದೆ ಅದನ್ನು ಒಂದೇ ಧ್ವನಿವರ್ಧಕದಲ್ಲಿ ನುಡಿಸಿದಾಗ ಎಡಬಲಗಳು ಒಂದನ್ನೊಂದು ಅಳಿಸಿ, ಹಾಡು ಬಹುಪಾಲು ಇಲ್ಲವಾಯಿತು. ಎಡಭಾಗವೊಂದನ್ನೇ ಉಳಿಸಿಕೊಂಡು ಈ ದೋಷವನ್ನು ಸರಿಪಡಿಸಿದೆವು. ಆದರೆ ಅದೇ ದಿನ ವೀಣೆಯ ಕಾಂಟ್ಯಾಕ್ಟ್ ಮೈಕಿನ ಉದ್ದನೆಯ ಅಸಮತೋಲಿತ ಕೇಬಲಿನಿಂದ ಸೇರಿದ ಹಮ್ ಇಂದಿಗೂ ಆ ಧ್ವನಿಮುದ್ರಿಕೆಯಲ್ಲಿದೆ. ಮತ್ತೊಮ್ಮೆ ಹಾಡಲು ಆಕೆ ಇಲ್ಲ.

ಇಂತಹ ಅನುಭವಗಳಿಂದ ಕೆಲವು ನಿಯಮಗಳನ್ನು ಸಂಗ್ರಹಿಸಬಹುದು. ಅಸಮತೋಲಿತ ಕೇಬಲುಗಳನ್ನು ಕೆಲವೇ ಮೀಟರುಗಳಿಗೆ ಮಿತಿಗೊಳಿಸಬೇಕು. ಕಾಂಟ್ಯಾಕ್ಟ್ ಮೈಕನ್ನು ವಾದ್ಯದ ಸಮೀಪದಲ್ಲಿಯೇ ‘ಡಿಐ’ ಪೆಟ್ಟಿಗೆಗೆ ಜೋಡಿಸಿ, ಅಲ್ಲಿಂದ ಮುಂದಕ್ಕೆ ಸಮತೋಲಿತ ತಂತಿಯನ್ನು ಒಯ್ಯಬೇಕು. ಎಕ್ಸ್‌ಎಲ್‌ಆರ್ ಕನೆಕ್ಟರಿನ ಒಂದನೆಯ ಪಿನ್ನು ಜಾಲರಿಗೆ, ಎರಡನೆಯದು ಧನಕ್ಕೆ, ಮೂರನೆಯದು ಋಣಕ್ಕೆ ಎಂಬ ಮಾನಕವನ್ನು ಎಲ್ಲ ಕೇಬಲುಗಳಲ್ಲಿಯೂ ಪರಿಶೀಲಿಸಬೇಕು. ಸಾಧ್ಯವಾದಷ್ಟೂ ಎಲ್ಲ ಉಪಕರಣಗಳಿಗೆ ಒಂದೇ ಸ್ಥಳದಿಂದ ವಿದ್ಯುತ್ ಒದಗಿಸಬೇಕು. ಹಮ್ ನಿವಾರಣೆಗೆಂದು ಪ್ಲಗ್ಗಿನ ಅರ್ಥಿಂಗ್ ಪಿನ್ನನ್ನು ಕಿತ್ತುಹಾಕುವ ರೂಢಿಯನ್ನು ಸಂಪೂರ್ಣವಾಗಿ ಕೈಬಿಡಬೇಕು. ಉಪಕರಣ ಕೆಟ್ಟ ಗಳಿಗೆಯಲ್ಲಿ ಮೈಕನ್ನು ಮುಟ್ಟಿದ ಕಲಾವಿದರ ಪ್ರಾಣಕ್ಕೇ ಅದು ಅಪಾಯಕಾರಿ. ಹಾಡುಗಾರಿಕೆಗೆ ಮುನ್ನ ಒಂದು ನಿಮಿಷದ ಮೌನವನ್ನು ಮುದ್ರಿಸಿ, ಧ್ವನಿ ಹೆಚ್ಚಿಸಿ ಆಲಿಸಬೇಕು. ಬಳಿಕ ಹಾಡಿನ ಒಂದು ತುಣುಕನ್ನು ಮುದ್ರಿಸಿ, ಎಡಬಲಗಳನ್ನು ಕೂಡಿಸಿಯೂ ಕೇಳಬೇಕು.

ತಂಬೂರಿಯನ್ನು ಶ್ರುತಿಗೂಡಿಸದೆ ಯಾವ ವಿದ್ವಾಂಸರೂ ಹಾಡಲು ತೊಡಗುವುದಿಲ್ಲ. ಅದಕ್ಕೆ ಬೇಕಾದ ಕಾಲವನ್ನು ಸಭೆಯೂ ತಾಳ್ಮೆಯಿಂದ ಕೊಡುತ್ತದೆ. ತಂತಿಗಳನ್ನು ಪರೀಕ್ಷಿಸಲು ಬೇಕಾದ ಹತ್ತು ನಿಮಿಷಗಳೂ ಅದೇ ಶ್ರುತಿಶುದ್ಧಿಯ ಭಾಗವೆಂದು ದಾಖಲೀಕರಣದಲ್ಲಿ ತೊಡಗಿರುವ ಸಂಸ್ಥೆಗಳು ಭಾವಿಸುವುದು ಅಗತ್ಯ.