ಹಸು ಸತ್ತು ತಿಂಗಳಾಯ್ತು, ಕಾಗದ ಇನ್ನೂ ಮೇಜಿನ ಮೇಲೆ!

ದನದ ಆಸ್ಪತ್ರೆಗೆ ದನ ಹೊಡೆದುಕೊಂಡು ಬರುವವರು ಒಂದು ತರಹ. ಹಗ್ಗವೂ ಇಲ್ಲ ಹಸುವೂ ಇಲ್ಲ, ಬಗಲಲ್ಲಿ ಒಂದು ಪ್ಲಾಸ್ಟಿಕ್ ಕವರು ಮಾತ್ರ ಇಟ್ಟುಕೊಂಡು ಬಂದು ಜಗಲಿಯ ಮೇಲೆ ಕೂರುವವರು ಇನ್ನೊಂದು ತರಹ. ಜಿಲ್ಲೆಯ ಯಾವ ತಾಲ್ಲೂಕು ಆಸ್ಪತ್ರೆಗಾದರೂ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ ನೋಡಿ, ಇಂಥವರು ಒಬ್ಬಿಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಕವರಿನಲ್ಲಿ ಏನಿದೆ ಅಂತ ಕೇಳಬೇಕಾಗಿಲ್ಲ. ಪಾಲಿಸಿ ಕಾಗದ, ಸತ್ತ ಹಸುವಿನ ನಾಲ್ಕು ಫೋಟೋ, ಹಳದಿ ಬಣ್ಣದ ಕಿವಿಯೋಲೆ.

“ಡಾಕ್ಟ್ರು ಬಂದ್ರಾ?”

“ಇಲ್ಲ, ಕ್ಯಾಂಪ್ ಹೋಗವ್ರೆ. ನಾಳೆ ಬನ್ನಿ.”

ಈ ‘ನಾಳೆ’ ಎಷ್ಟು ನಾಳೆಗಳಾಗಬಹುದು ಎಂಬುದೇ ಇವತ್ತಿನ ವಿಚಾರ.

ಪೇಟೆಯವರಿಗೆ ಇದು ಹಳ್ಳಿಯ ರಗಳೆ ಅನ್ನಿಸಬಹುದು. ಹಾಗೇನಿಲ್ಲ. ಹತ್ತು ಲೀಟರ್ ಕರೆಯುವ ಹಸು ಒಂದು ಮನೆಯಲ್ಲಿ ಸತ್ತರೆ ಡೇರಿಯ ಬಟವಾಡೆ ನಿಂತಿತು. ಬಟವಾಡೆ ನಿಂತರೆ ಬೂಸಾ-ಹಿಂಡಿ ಅಂಗಡಿಯ ಉದ್ರಿ ನಿಂತಿತು, ದಿನಸಿ ಅಂಗಡಿಯದೂ ನಿಂತಿತು. ಹಸು ಬ್ಯಾಂಕ್ ಸಾಲದ್ದಾಗಿದ್ದರೆ ಕಂತು ಮಾತ್ರ ನಿಲ್ಲುವುದಿಲ್ಲ. ಹಸು ಸತ್ತರೂ ಸಾಲ ಬದುಕಿರುತ್ತದೆ, ಬಡ್ಡಿ ಮೇಯುತ್ತಲೇ ಇರುತ್ತದೆ. ವಿಮೆ ಮಾಡಿಸುವುದೇ ಇದಕ್ಕಾಗಿ. ವಿಮೆ ಹಣ ಬಂದಾಗಲೂ ಸಾಲದ ಹಸುವಾದರೆ ಮೊದಲು ಬ್ಯಾಂಕಿನ ಬಾಕಿಗೆ ಜಮಾ, ಮಿಕ್ಕಿದ್ದು ರೈತನ ಕೈಗೆ.

ವಿಮೆ ಮಾಡಿಸುವಾಗ ತ್ರಾಸವಿಲ್ಲ. ಸರ್ಕಾರವೂ ಕೈ ನೀಡುತ್ತಿದೆ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಮೊದಲು ಪ್ರದೇಶ, ವರ್ಗ ನೋಡಿ ಕಂತಿನಲ್ಲಿ ಶೇ. 20ರಿಂದ 50ರವರೆಗೆ ರೈತನೇ ಕಟ್ಟಬೇಕಿತ್ತು. 2024ರಲ್ಲಿ ಕೇಂದ್ರ ಸಂಪುಟ ಅದನ್ನು ಶೇ. 15ಕ್ಕೆ ಇಳಿಸಿತು. ಮಿಕ್ಕಿದ್ದನ್ನು ಕೇಂದ್ರ, ರಾಜ್ಯ ಹಂಚಿಕೊಳ್ಳುತ್ತವೆ. ಡಾಕ್ಟರು ಬಂದು ಕಿವಿಗೆ ಓಲೆ ಹಾಕಿ, ಬೆಲೆ ಕಟ್ಟಿ, ಸಹಿ ಮಾಡಿದರೆ ಆಯಿತು. (ಬೆಲೆ ಕಟ್ಟುವ ಮಾತು ಬಂದದ್ದಕ್ಕೆ: ಮಿಷನ್‌ನ 2014ರ ಕಾಲದ ಮಾರ್ಗಸೂಚಿಯಲ್ಲಿ ಹಸು ದಿನಕ್ಕೆ ಕೊಡುವ ಪ್ರತಿ ಲೀಟರಿಗೆ ಕನಿಷ್ಠ 3,000 ರೂ., ಎಮ್ಮೆಗೆ 4,000 ರೂ. ಎಂಬ ಲೆಕ್ಕವಿತ್ತು. ಹತ್ತು ಲೀಟರಿನ ಹಸುವಿಗೆ 30,000. ಆ ದುಡ್ಡಿಗೆ ಸಂತೆಯಲ್ಲಿ ಅಂಥ ಹಸು ಕೊಡಿಸುವ ದಲ್ಲಾಳಿ ಯಾರಾದರೂ ಇದ್ದರೆ ಹೇಳಿ!)

ಫಜೀತಿ ಶುರುವಾಗುವುದು ಹಸು ಸತ್ತ ದಿನ. ಕಂಪನಿಗೆ ತಕ್ಷಣ ತಿಳಿಸಬೇಕು. ಡಾಕ್ಟರು ಬರುವ ತನಕ ಹೂಳುವಂತಿಲ್ಲ. ಬೇಸಿಗೆಯಲ್ಲಿ ಅರ್ಧ ದಿನಕ್ಕೇ ಹೊಟ್ಟೆ ಉಬ್ಬಿ ವಾಸನೆ ಏಳುತ್ತದೆ, ಅಕ್ಕಪಕ್ಕದವರು ಬೈಯುತ್ತಾರೆ, ಜೆಸಿಬಿಯವನು “ಬೇಗ ಹೇಳಿ, ಬೇರೆ ಕಡೆ ಹೋಗ್ಬೇಕು” ಅನ್ನುತ್ತಾನೆ. ಡಾಕ್ಟರು ಬಂದು ಮರದ ನೆರಳಲ್ಲಿ ಕೊಯ್ದು, ಶ್ವಾಸಕೋಶ, ಯಕೃತ್ತು, ಹೊಟ್ಟೆ ನೋಡಿ ಕಾರಣ ಗುರುತು ಮಾಡಿಕೊಳ್ಳುತ್ತಾರೆ. ನೆರಡಿ ರೋಗದ ಅನುಮಾನವಿದ್ದರೆ ಮಾತ್ರ ಕೊಯ್ಯುವಂತೆಯೇ ಇಲ್ಲ. ಕೊಯ್ದರೆ ರೋಗದ ಬೀಜ ಮಣ್ಣಿಗೆ ಬಿದ್ದು ವರ್ಷಗಟ್ಟಲೆ ಉಳಿಯುತ್ತದೆ, ಮನುಷ್ಯರಿಗೂ ಅಂಟುತ್ತದೆ. ಆಗ ಕಿವಿಯಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷೆಗೆ ಕಳಿಸಬೇಕು. “ಡಾಕ್ಟ್ರು ಕುಯ್ಯಲೇ ಇಲ್ಲ, ಸುಮ್ನೆ ನೋಡಿ ಹೋದ್ರು” ಎಂದು ದೂರುವವರು ಈ ಒಂದು ಸಂಗತಿ ತಿಳಿದಿರಲಿ.

ಹಸು ಮಣ್ಣು ಸೇರಿತು. ಡಾಕ್ಟರ ಡೈರಿಯಲ್ಲಿ ನಾಲ್ಕು ಸಾಲು ಉಳಿಯಿತು. ಆ ನಾಲ್ಕು ಸಾಲು ಮರಣೋತ್ತರ ಪರೀಕ್ಷಾ ವರದಿಯಾಗಿ, ಕ್ಲೇಮ್ ಫಾರಮ್ಮಿನ ಮೇಲೆ ಸಹಿ-ಸೀಲಾಗಿ ಹೊರಬೀಳಬೇಕು. ಅಲ್ಲೇ ಗಾಡಿ ಕೂರುವುದು.

ಡಾಕ್ಟರನ್ನೇ ಬೈದು ಪ್ರಯೋಜನವಿಲ್ಲ, ಅವರ ಪಾಡೂ ನೋಡಬೇಕು. ಐದು ಸಾವಿರ ಜಾನುವಾರು ಘಟಕಕ್ಕೆ ಒಬ್ಬ ಪಶುವೈದ್ಯ ಬೇಕು ಎಂದು ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲೇ ಹೇಳಿತ್ತು. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ದನಗಳೇ 80 ಲಕ್ಷ ದಾಟಿದವು. ಎಮ್ಮೆ, ಕುರಿ, ಮೇಕೆ ಬೇರೆ. ಒಬ್ಬರೇ ಡಾಕ್ಟರಿಗೆ ಎರಡು ಕಡೆ ಪ್ರಭಾರ. ಬೆಳಗ್ಗೆ ಆಸ್ಪತ್ರೆ, ಮಧ್ಯಾಹ್ನ ಕಷ್ಟದ ಹೆರಿಗೆ, 2019ರಿಂದ ಆರು ತಿಂಗಳಿಗೊಮ್ಮೆ ಕಾಲುಬಾಯಿ ಲಸಿಕೆಯ ಮನೆಮನೆ ಸುತ್ತಾಟ, ನಡುವೆ ಮೀಟಿಂಗು. 1962 ನಂಬರಿಗೆ ಫೋನ್ ಮಾಡಿದರೆ ಸಂಚಾರಿ ಗಾಡಿ ಬರುತ್ತದೆ, ಸರಿ. ಅದು ಬದುಕಿರುವ ದನಕ್ಕೆ. ಸತ್ತ ದನದ ಕಾಗದ ಬರೆಯುವುದಕ್ಕೆ ಅಂತ ಯಾವ ಗಾಡಿಯೂ ಇಲ್ಲ. ಬದುಕಿರುವುದು ಮೊದಲು, ಸತ್ತದ್ದು ಆಮೇಲೆ: ಡಾಕ್ಟರ ನ್ಯಾಯ ಸರಿಯಾದದ್ದೇ. ಆದರೆ ಆ ‘ಆಮೇಲೆ’ಯಲ್ಲಿ ಒಂದು ಮನೆ ಸಿಕ್ಕಿಕೊಂಡಿರುತ್ತದೆ.

ಕಾನೂನಿನಲ್ಲಿ ಇರುವ ತೂತು ನೋಡಿ. ಮಿಷನ್ ಯೋಜನೆಯ ಮಾರ್ಗಸೂಚಿ ರೈತನ ಪರವಾಗಿಯೇ ಇದೆ. ಕ್ಲೇಮಿಗೆ ನಾಲ್ಕೇ ಕಾಗದ: ಕಂಪನಿಗೆ ಕೊಟ್ಟ ತಿಳುವಳಿಕೆ, ಪಾಲಿಸಿ, ಕ್ಲೇಮ್ ಫಾರಂ, ಮರಣೋತ್ತರ ವರದಿ. ಅಷ್ಟು ಸಲ್ಲಿಸಿದ 15 ದಿನದೊಳಗೆ ಕಂಪನಿ ಹಣ ಕೊಡಬೇಕು. ತಪ್ಪಿದರೆ ವರ್ಷಕ್ಕೆ ಶೇ. 12ರ ಚಕ್ರಬಡ್ಡಿ ದಂಡ. ಎಷ್ಟು ಮಂದಿಗೆ ಇದು ಗೊತ್ತು? ಗೊತ್ತಿದ್ದರೂ ಆ 15 ದಿನದ ಎಣಿಕೆ ಶುರುವಾಗುವುದು ನಾಲ್ಕನೆಯ ಕಾಗದ ಕಂಪನಿಗೆ ಮುಟ್ಟಿದ ಮೇಲೆ. ನಾಲ್ಕನೆಯದು ಆಸ್ಪತ್ರೆಯ ಮೇಜಿನ ಮೇಲೆ ಕೂತ ಒಂದು ವಾರವೋ ಒಂದು ತಿಂಗಳೋ ಯಾವ ಲೆಕ್ಕಕ್ಕೂ ಬರುವುದಿಲ್ಲ. ಕಂಪನಿಯವರು “ನಮಗೆ ರಿಪೋರ್ಟೇ ಬಂದಿಲ್ಲ” ಅನ್ನುತ್ತಾರೆ. ಸುಳ್ಳಲ್ಲ. ಆಸ್ಪತ್ರೆಯವರು “ಇನ್ನೊಂದೆರಡು ದಿನ” ಅನ್ನುತ್ತಾರೆ. ಅದಕ್ಕೆ ಚಕ್ರಬಡ್ಡಿ ಇಲ್ಲ.

ಇನ್ನು ಕಿವಿಯೋಲೆ. ಓಲೆ ಇಲ್ಲದಿದ್ದರೆ ಕ್ಲೇಮೂ ಇಲ್ಲ, ಇದು ಕಂಪನಿಗಳ ಹಳೇ ಪಲ್ಲವಿ. ಈಗಿನ ಹಳದಿ ಓಲೆಯ ಮೇಲೆ 12 ಅಂಕಿ. ವರದಿ ಬರೆಯುವಾಗ 6 ಹೋಗಿ 8 ಆದರೆ ಕಾಗದ ವಾಪಸ್, ಮತ್ತೆ ಜಗಲಿ. ಬೇಲಿಗೆ ಸಿಕ್ಕಿ ಓಲೆ ಕಿತ್ತುಹೋಗುವುದೂ ಉಂಟು. ಹೋದ ದಿನವೇ ಆಸ್ಪತ್ರೆಗೂ ಕಂಪನಿಗೂ ಬರೆದುಕೊಟ್ಟು ಹೊಸದು ಹಾಕಿಸಿ, ಹೊಸ ನಂಬರನ್ನು ಪಾಲಿಸಿಗೆ ಸೇರಿಸಿಕೊಳ್ಳಬೇಕು. ಹಸು ಸತ್ತ ಮೇಲೆ ಓಲೆ ಹುಡುಕಿಕೊಂಡು ಹೊಲ ಸುತ್ತಿದರೆ ಯಾರೂ ಕೇಳುವುದಿಲ್ಲ.

2022ರಲ್ಲಿ ಚರ್ಮಗಂಟು ರೋಗ ಬಂದಾಗ ವಿಮೆ ಇಲ್ಲದವರಿಗೂ ರಾಜ್ಯ ಸರ್ಕಾರ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂ. ಪರಿಹಾರ ಘೋಷಿಸಿತು. ರೋಗದಿಂದಲೇ ಸತ್ತಿತು ಎಂದು ಹೇಳಬೇಕಾದವರು ಅಲ್ಲೂ ಪಶುವೈದ್ಯರೇ. ಬೆಂಗಳೂರಿನ ಬಂಗಲೆ ನಾಯಿಗಳಿಗೂ ಈಗ ವಿಮೆ ಬಂದಿದೆ. ನಾಯಿಯ ಯಜಮಾನ ಕಾರಿನಲ್ಲಿ ಬರಬಹುದು, ಕ್ಲಿನಿಕ್ಕಿನ ಬಿಲ್ಲು, ಡಾಕ್ಟರ ಸಹಿಗೆ ಅವನೂ ಕಾಯಲೇಬೇಕು.

ಹಾಗಾದರೆ ಮಾಡುವುದೇನು? ಬಾಯಿಮಾತು ಬೇಡ. ಕ್ಲೇಮ್ ಫಾರಂ ಕೊಟ್ಟ ದಿನವೇ ಎರಡನೆಯ ಪ್ರತಿಯ ಮೇಲೆ ಆಸ್ಪತ್ರೆಯ ಸೀಲು, ತಾರೀಖು ಹಾಕಿಸಿಕೊಳ್ಳಿ. ತಿಂಗಳಾದರೂ ಹೊರಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ವರದಿಯ ನಕಲು ಕೇಳಿ. ಕಂಪನಿಯ ಕಡೆಯಿಂದ ತಡವಾದರೆ ವಿಮಾ ಪ್ರಾಧಿಕಾರದ 155255ಕ್ಕೆ ಫೋನ್ ಮಾಡಬಹುದು. ಲಿಖಿತ ದೂರಿಗೆ ಒಂದು ತಿಂಗಳಲ್ಲಿ ಜವಾಬು ಬಾರದಿದ್ದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಫೀಜಿಲ್ಲ, ವಕೀಲರು ಬೇಕಿಲ್ಲ.

ಆದರೆ ಅಷ್ಟು ದೂರ ಹೋಗುವ ಮೊದಲೇ ಇಲಾಖೆ ಮಾಡಬಹುದಾದ ಒಂದು ಕೆಲಸವಿದೆ. ಪ್ರತಿ ಆಸ್ಪತ್ರೆಯ ಜಗಲಿಯಲ್ಲಿ, ಎಲ್ಲರ ಕೈಗೆ ಸಿಗುವಂತೆ ಒಂದು ರಿಜಿಸ್ಟರು. ಅದರಲ್ಲಿ ಓಲೆ ನಂಬರು, ದನ ಸತ್ತ ತಾರೀಖು, ವರದಿ ಬರೆದ ತಾರೀಖು, ಕಂಪನಿಗೆ ಹೋದ ತಾರೀಖು. ಗೆರೆ ಹಾಕಿದ ಪುಸ್ತಕ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲೇ ಸಿಗುತ್ತದೆ. ಉಪನಿರ್ದೇಶಕರ ಒಂದು ಸುತ್ತೋಲೆ ಸಾಕು, ಸೋಮವಾರದಿಂದಲೇ ಶುರು ಮಾಡಬಹುದು.